ಶಾಂಪೂ ಬಿಡುವ ಮೊದಲು ನೀರು ನೋಡಿ: ಮನೆಯ ಸೀಗೆಪುಡಿ, ಸ್ನಾನದ ಪುಡಿ, ತಲೆಎಣ್ಣೆ ಮಾಡುವ ಬಗೆ

ಅಂಗಡಿಯ ಶಾಂಪೂ, ಸಾಬೂನು, ಕ್ರೀಮು ಬಿಟ್ಟು ಮನೆಯಲ್ಲಿ ಮಾಡಿದ್ದಕ್ಕೆ ಬದಲಾಗಲು ಹೊರಟವರು ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿಬಿಡುತ್ತಾರೆ. ಮೂರನೇ ವಾರಕ್ಕೆ ಕೂದಲು ಜಿಗುಟಾಗುತ್ತದೆ, ಮುಖದ ಮೇಲೆ ಗುಳ್ಳೆ ಏಳುತ್ತವೆ. ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ, ಹಾಗಾಗಿ ಎಲ್ಲವನ್ನೂ ಒಟ್ಟಿಗೇ ಕೈಬಿಡುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರು-ನಾಲ್ಕು ವಾರ ನೋಡಿ, ಒಗ್ಗಿದರೆ ಮುಂದಿನದಕ್ಕೆ ಹೋಗಿ. ಮೊದಲು ತಲೆಗೆ ಎರೆದುಕೊಳ್ಳುವುದು, ಆಮೇಲೆ ಮೈಗೆ, ಕೊನೆಗೆ ಮುಖ. ಮುಖದ ಚರ್ಮ ತೆಳು, ಎಡವಟ್ಟಾದರೆ ಬೇಗ ಕಾಣುವುದೂ ಅಲ್ಲೇ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಅಡುಗೆಮನೆಯಲ್ಲಿ ಇರುವುದೆಲ್ಲ ಚರ್ಮಕ್ಕೆ ಆಗಿಬರುವುದಿಲ್ಲ. ಯಾವುದೇ ಹೊಸ ಪುಡಿ, ಎಣ್ಣೆ ಇರಲಿ, ಚೂರು ಕಲಸಿ ಮೊಣಕೈಯ ಒಳಮಡಿಕೆಗೆ ಹಚ್ಚಿ. ಪುಡಿಯಾದರೆ ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಎಣ್ಣೆಯಾದರೆ ಹಾಗೇ ಬಿಡಿ. 48 ಗಂಟೆ ಕಾಯಿರಿ. ಕೆಂಪಾಗದೆ, ತುರಿಸದೆ ಇದ್ದರೆ ಮಾತ್ರ ಮುಂದಿನ ಹೆಜ್ಜೆ. ಅಲರ್ಜಿ ಎಷ್ಟೋ ಸಲ ಎರಡನೆಯ ದಿನ ಕಾಣಿಸುತ್ತದೆ, ಆದ್ದರಿಂದ ಒಂದು ರಾತ್ರಿ ನೋಡಿದರೆ ಸಾಲದು.

ನಿಮ್ಮ ಬಕೀಟಿನ ನೀರು ಎಂಥದು?

ಹುಬ್ಬಳ್ಳಿ-ಧಾರವಾಡದಲ್ಲಿ ನಳಕ್ಕೆ ಬರುವ ಮಲಪ್ರಭೆಯ ನೀರು ಬೇರೆ, ಅದೇ ಓಣಿಯ ಬೋರಿನ ನೀರು ಬೇರೆ. ನವಲಗುಂದ, ರೋಣದ ಕಡೆ ಎರೆಭೂಮಿಯ ಅಡಿಯ ನೀರು ಸವಳು. ಅದಕ್ಕೇ ಆ ಭಾಗದಲ್ಲಿ ಕೆರೆ ನೀರಿಗೆ ಅಷ್ಟು ಬೆಲೆ. ಗದಗ, ಹಾವೇರಿಯಲ್ಲೂ ಹೊಳೆ ನೀರು ಬಳಸುವ ಮನೆಗೂ ಬೋರಿನ ನೀರು ಬಳಸುವ ಮನೆಗೂ ಕೂದಲಿನ ಕಥೆ ಬೇರೆಬೇರೆಯೇ. ಗೆಳತಿಗೆ ಒಗ್ಗಿದ ಪುಡಿ ನಿಮಗೆ ಒಗ್ಗದಿದ್ದರೆ ಪುಡಿಯನ್ನು ಬಯ್ಯುವ ಮೊದಲು ನೀರನ್ನು ಪರೀಕ್ಷಿಸಿ.

ಪರೀಕ್ಷೆ ಸುಲಭ. ಎರಡು ಬಾಟಲಿ ತೆಗೆದುಕೊಂಡು ಒಂದಕ್ಕೆ ಸ್ನಾನದ ನೀರು, ಇನ್ನೊಂದಕ್ಕೆ ಮಳೆನೀರು ಅಥವಾ ಆರ್‌ಒ ನೀರು ಅರ್ಧದಷ್ಟು ತುಂಬಿ. ಮೈಗೆ ಹಚ್ಚುವ ಸಾದಾ ಸಾಬೂನನ್ನು ಚಾಕುವಿನಿಂದ ಹೆರೆದು ಎರಡಕ್ಕೂ ಒಂದೇ ಅಳತೆಯಲ್ಲಿ, ಕಾಲು ಚಮಚದಷ್ಟು ಹಾಕಿ ಕುಲುಕಿ. ಶಾಂಪೂ, ಬಟ್ಟೆ ಒಗೆಯುವ ಪುಡಿ ಹಾಕಬೇಡಿ. ಅವು ಗಡಸು ನೀರಲ್ಲೂ ನೊರೆ ಕೊಡುವುದರಿಂದ ಪರೀಕ್ಷೆ ಸುಳ್ಳಾಗುತ್ತದೆ. ಸ್ನಾನದ ನೀರಿನ ಬಾಟಲಿಯಲ್ಲಿ ನೊರೆ ನಿಲ್ಲದೆ, ಒಡೆದ ಹಾಲಿನಂಥ ಕದಡು ಕಂಡರೆ ನೀರು ಗಡಸು. ಆ ನೀರಿನ ಸುಣ್ಣ ಮತ್ತು ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಕರಗದ ಮಡ್ಡಿಯಾಗುತ್ತವೆ. ಅದೇ ಮಡ್ಡಿ ಕೂದಲ ಮೇಲೆ ಕೂತಾಗ ಕೂದಲು ಬಿರುಸಾಗಿ, ಮಬ್ಬಾಗಿ ಕಾಣುತ್ತದೆ. ಹಾಗಾಗಿ ಬೋರಿನ ನೀರಿನವರು ಮನೆಯಲ್ಲಿ ಮಾಡಿದ ಸಾಬೂನನ್ನು, ಅದು ಎಷ್ಟೇ ಒಳ್ಳೆಯದಿರಲಿ, ತಲೆಗೆ ಹಚ್ಚಲೇಬಾರದು.

ಸೀಗೆಕಾಯಿ, ಅಂಟವಾಳದಲ್ಲಿ ಕೊಳೆ ತೆಗೆಯುವುದು ಸಪೋನಿನ್ ಎಂಬ ವಸ್ತು. ಅದು ಸಾಬೂನಿನ ಹಾಗೆ ಗಡಸು ನೀರಲ್ಲಿ ಮಡ್ಡಿ ಕಟ್ಟುವುದಿಲ್ಲ. ಸೀಗೆಯ ನೀರು ತುಸು ಹುಳಿ ಗುಣದ್ದು, ಕೂದಲಿಗೂ ಚರ್ಮಕ್ಕೂ ಅದು ಹೊಂದುತ್ತದೆ. ಸಾಬೂನು, ಅಡುಗೆ ಸೋಡಾ ಎರಡೂ ಕ್ಷಾರ. ಸೋಡಾದಿಂದ ತಲೆ ತೊಳೆಯಿರಿ ಎಂಬ ಸಲಹೆ ಎಲ್ಲಿ ಕಂಡರೂ ಅಲ್ಲೇ ಬಿಡಿ, ಕೂದಲ ಮೇಲ್ಪದರ ಎದ್ದು ಸಿಕ್ಕುಗಟ್ಟಿ ತುಂಡಾಗುತ್ತದೆ.

ಸೀಗೆಪುಡಿ

ಸುಮಾರು ಒಂದು ಕಿಲೋ ಪುಡಿಗೆ ಅಳತೆ ಹೀಗೆ: ಬೀಜ ತೆಗೆದ ಸೀಗೆಕಾಯಿ 500 ಗ್ರಾಂ, ಬೀಜ ತೆಗೆದ ಅಂಟವಾಳ 150 ಗ್ರಾಂ, ಮೆಂತೆ 100 ಗ್ರಾಂ, ಹೆಸರುಕಾಳು 100 ಗ್ರಾಂ, ನೆರಳಲ್ಲಿ ಒಣಗಿಸಿದ ಕರಿಬೇವು 50 ಗ್ರಾಂ, ಒಣಗಿದ ದಾಸವಾಳದ ಎಲೆ-ಹೂ 50 ಗ್ರಾಂ. ತಲೆ ಬೇಗ ಎಣ್ಣೆಎಣ್ಣೆ ಆಗುವವರು ಅಂಟವಾಳವನ್ನು 200 ಗ್ರಾಂಗೆ ಏರಿಸಬಹುದು. ಒಣಕೂದಲಿನವರು 75 ಗ್ರಾಂಗೆ ಇಳಿಸಿ, ಹೆಸರುಕಾಳನ್ನು 200 ಗ್ರಾಂ ಮಾಡಲಿ. ಅಂಟವಾಳಕ್ಕೆ ನೊರೆ ಜಾಸ್ತಿ ಎಂದು ಅದನ್ನೇ ಹೆಚ್ಚು ಹಾಕುವವರಿದ್ದಾರೆ. ಅದು ಸೀಗೆಗಿಂತ ಖಡಕ್, ರೇಷ್ಮೆ ಸೀರೆ, ಬೆಳ್ಳಿ-ಬಂಗಾರ ತೊಳೆಯಲು ಬಳಸುವ ಕಾಯಿ ಅದು. ಈ ಅಳತೆ ಮೀರಿದರೆ ನೆತ್ತಿ ಒಣಗಿ ತುರಿಸುತ್ತದೆ. ಮೆಂತೆಯ ಕೆಲಸ ಲೋಳೆ ಕೊಟ್ಟು ಸಿಕ್ಕು ಬಿಡಿಸುವುದು. ಅದೂ ಹೆಚ್ಚಾದರೆ ಎಷ್ಟು ತಂಬಿಗೆ ನೀರು ಹೊಯ್ದರೂ ಜಾರುತನ ಹೋಗುವುದಿಲ್ಲ.

ಸೀಗೆ, ಅಂಟವಾಳ ಎರಡೂ ಘಟ್ಟದ ಕಾಡಿನ ಸರಕು. ಶಿರಸಿ, ಯಲ್ಲಾಪುರದ ಕಡೆಯದು ಹುಬ್ಬಳ್ಳಿಯ ದುರ್ಗದ ಬೈಲಿನಂಥ ಪೇಟೆಗಳ ಕಿರಾಣಿ ಮತ್ತು ಗಿಡಮೂಲಿಕೆ ಅಂಗಡಿಗಳಿಗೆ ಬರುತ್ತದೆ. ಪುಡಿ ಕೊಳ್ಳಬೇಡಿ, ಕಾಯಿ ಕೊಳ್ಳಿ. ಪುಡಿಯಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ಗೊತ್ತಾಗದು. ಒಳ್ಳೆಯ ಸೀಗೆಕಾಯಿ ಕಂದುಗೆಂಪಗೆ, ಸುಕ್ಕುಗಟ್ಟಿ, ಮುರಿದರೆ ಟಕ್ಕನೆ ಮುರಿಯುತ್ತದೆ. ಕಪ್ಪಗೆ, ಮೆತ್ತಗೆ ಇದ್ದರೆ ಹಳೆಯದು ಅಥವಾ ಥಂಡಿ ಹಿಡಿದದ್ದು. ಬಿಳಿ ಬೂಷ್ಟು, ಸಣ್ಣ ತೂತು ಕಂಡರೆ ಬೇಡ. ಇನ್ನು, ಗಿಡಮೂಲಿಕೆ ಎಂದೊಡನೆ ಗದಗ ಜಿಲ್ಲೆಯ ಕಪ್ಪತಗುಡ್ಡ ನೆನಪಾಗುವುದು ಸಹಜ. ಆ ಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಕಿತ್ತು ತರುವುದು ಕಾನೂನಿಗೂ ವಿರುದ್ಧ, ಗುಡ್ಡಕ್ಕೂ ಕೇಡು. ಕರಿಬೇವು, ದಾಸವಾಳ, ಲೋಳೆಸರ, ಗರಗ (ಭೃಂಗರಾಜ) ಇವೆಲ್ಲ ಹಿತ್ತಲಲ್ಲಿ, ಕುಂಡದಲ್ಲಿ ಬೆಳೆಯುತ್ತವೆ.

ಪುಡಿ ಮಾಡುವ ಕಾಲ ಫೆಬ್ರವರಿಯಿಂದ ಮೇ. ಕಾಯಿಗಳನ್ನು ಹಸನು ಮಾಡಿ ಮಾಳಿಗೆಯ ಮೇಲೆ ಬಿಳಿ ಅರಿವೆ ಹಾಸಿ ಎರಡು-ಮೂರು ದಿನ ಖಡಕ್ ಬಿಸಿಲಿಗೆ ಹಾಕಿ. ಕರಿಬೇವು, ಹೂವನ್ನು ಮಾತ್ರ ನೆರಳಲ್ಲಿ ಒಣಗಿಸಬೇಕು. ಸೀಗೆಯ ಬೀಜ ಗಟ್ಟಿ, ತೊಳೆಯುವ ಗುಣ ಇರುವುದು ಸಿಪ್ಪೆಯಲ್ಲಿ. ಹಾಗಾಗಿ ಬಿಸಿಲಿಗೆ ಕಾದ ಕಾಯಿಯನ್ನು ಒಡೆದು ಬೀಜ ಉದುರಿಸಿ. ಅಂಟವಾಳದ ಕರಿ ಬೀಜವನ್ನಂತೂ ತೆಗೆಯಲೇಬೇಕು, ಮಿಕ್ಸರಿನ ಬ್ಲೇಡು ಅದಕ್ಕೆ ತಡೆಯುವುದಿಲ್ಲ. ಕೊನೆಯ ದಿನ ಮಧ್ಯಾಹ್ನ, ಕಾಯಿ ಇನ್ನೂ ಬಿಸಿ ಇರುವಾಗಲೇ ಬೀಸಿಸಿ. ಸಂಜೆಗೆ ಬಿಟ್ಟರೆ ಗಾಳಿಯ ಥಂಡಿ ಎಳೆದು ಮೆತ್ತಗಾಗಿ ಗಿರಣಿಯ ಕಲ್ಲಿಗೆ ಅಂಟುತ್ತದೆ.

ಗಿರಣಿಯ ವಿಷಯದಲ್ಲಿ ಎಚ್ಚರ ಬೇಕು. ಬ್ಯಾಡಗಿ ಸೀಮೆಯಲ್ಲಿ, ಹಾಗೆ ನೋಡಿದರೆ ನಮ್ಮ ಎಲ್ಲ ಊರುಗಳಲ್ಲೂ, ಬೇಸಿಗೆಯೆಂದರೆ ಖಾರದಪುಡಿ ಕುಟ್ಟಿಸುವ ಕಾಲ. ಅದೇ ಯಂತ್ರದಲ್ಲಿ ಸೀಗೆ ಹಾಕಿದರೆ ನೆತ್ತಿ ಉರಿಯುತ್ತದೆ, ಅದೇ ಯಂತ್ರದಲ್ಲಿ ಮುಖದ ಹಿಟ್ಟು ಬೀಸಿಸಿದರೆ ಕೇಳುವುದೇ ಬೇಡ. ಸೀಗೆಗೆಂದೇ ಬೇರೆ ಯಂತ್ರ ಇರುವ ಗಿರಣಿ ಹುಡುಕಿ. ಸಿಗದಿದ್ದರೆ ಮನೆಯ ಮಿಕ್ಸರಿನಲ್ಲಿ, ಖಾರಕ್ಕೆ ಬಳಸದ ಜಾರಿನಲ್ಲಿ, 100 ಗ್ರಾಂನಂತೆ ಬೀಸಿ. ಮೂಗು-ಬಾಯಿಗೆ ಅರಿವೆ ಕಟ್ಟಿಕೊಳ್ಳಿ, ಮುಚ್ಚಳ ತೆಗೆಯುವ ಮೊದಲು ಐದು ನಿಮಿಷ ಬಿಡಿ. ಸೀಗೆಯ ಧೂಳು ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಉಬ್ಬಸ ಇದ್ದವರು ಈ ಕೆಲಸಕ್ಕೆ ಕೂರಲೇಬಾರದು. ಬೀಸಿದ್ದನ್ನು ಮೈದಾ ಸಾಣಿಗೆಯಲ್ಲಿ ಸಾಣಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ ಬೂಷ್ಟು ಬರುತ್ತದೆ.

ಎರೆದುಕೊಳ್ಳುವ ಕ್ರಮ

ಭುಜದವರೆಗಿನ ಕೂದಲಿಗೆ ಎರಡು ದೊಡ್ಡ ಚಮಚ, ಸೊಂಟದವರೆಗಿದ್ದರೆ ನಾಲ್ಕು. ಸ್ಟೀಲಿನ ಬಟ್ಟಲಲ್ಲಿ ಬಿಸಿನೀರು, ಇಲ್ಲವೇ ಅನ್ನದ ತೆಳುಗಂಜಿ ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಅರ್ಧ ಗಂಟೆ ನೆನೆಬಿಡಿ. ಒಣಕೂದಲಿಗೆ ಗಂಜಿಯೇ ಒಳ್ಳೆಯದು. ಕಬ್ಬಿಣದ ಪಾತ್ರೆ ಬೇಡ, ಸೀಗೆಯ ಒಗರು ಕಬ್ಬಿಣಕ್ಕೆ ತಗಲಿದರೆ ಕಪ್ಪಾಗಿ ಟವೆಲ್ಲಿಗೆ ಕಲೆ ಹತ್ತುತ್ತದೆ. ಕೂದಲನ್ನು ಪೂರ್ತಿ ತೋಯಿಸಿ, ತಲೆ ಹಿಂದಕ್ಕೆ ಬಾಗಿಸಿ, ನೆತ್ತಿಗೆ ಮಾತ್ರ ಹಚ್ಚಿ ಬೆರಳ ತುದಿಯಿಂದ ತಿಕ್ಕಿ. ತುದಿಕೂದಲಿಗೆ ಹರಿದುಹೋಗುವ ನೀರೇ ಸಾಕು. ಕಣ್ಣಿಗೆ ಬಿದ್ದರೆ ಚೆನ್ನಾಗಿಯೇ ಉರಿಯುತ್ತದೆ. ಉಜ್ಜದೆ, ಶುದ್ಧ ನೀರಿನಿಂದ ಹತ್ತು-ಹದಿನೈದು ನಿಮಿಷ ತೊಳೆಯಿರಿ. ಉರಿ ನಿಲ್ಲದಿದ್ದರೆ, ನೋಟ ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.

ಪುಡಿಯ ಚೂರು ಕೂದಲಲ್ಲಿ ಉಳಿಯುತ್ತದೆ ಎಂದು ಬೇಸರಪಡುವವರಿಗೆ, ಗುಂಗುರು ಕೂದಲಿನವರಿಗೆ, ಕಷಾಯವೇ ವಾಸಿ. 25 ಗ್ರಾಂ ಸೀಗೆಕಾಯಿ, ಎಂಟು ಅಂಟವಾಳದ ಸಿಪ್ಪೆ, ಒಂದು ಚಮಚ ಮೆಂತೆಯನ್ನು ಅರ್ಧ ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು-ಹದಿನೈದು ನಿಮಿಷ ಕುದಿಸಿ. ಪಾತೇಲಿ ದೊಡ್ಡದಿರಲಿ, ನೊರೆ ಉಕ್ಕಿ ಒಲೆಯೆಲ್ಲ ಆಗುತ್ತದೆ. ಆರಿದ ಮೇಲೆ ಕೈಯಿಂದ ಕಿವುಚಿ ತೆಳು ಅರಿವೆಯಲ್ಲಿ ಸೋಸಿ. ಇದು ಫ್ರಿಜ್ಜಿನಲ್ಲಿ ಮೂರು ದಿನ, ಹೊರಗೆ ಒಂದು ದಿನವೂ ಕಷ್ಟ. ಬೇಸಿಗೆಯಲ್ಲಿ ಸಂಜೆಗೇ ಹುಳಿವಾಸನೆ ಬರುತ್ತದೆ. ಹೆಚ್ಚು ಮಾಡಿದ್ದರೆ ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಡಿ, ತಿಂಗಳವರೆಗೆ ಬಳಸಬಹುದು. ಎರೆದುಕೊಳ್ಳುವ ದಿನ ನಾಲ್ಕೈದು ತುಂಡು ಬಿಸಿನೀರಲ್ಲಿ ಕರಗಿಸಿದರೆ ಆಯಿತು.

ಕೊನೆಯ ತಂಬಿಗೆ ಮುಖ್ಯ. ಬೋರಿನ ನೀರಿನವರು ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಲಿಂಬೆರಸ ಬೆರೆಸಿ ಹೊಯ್ದುಕೊಂಡು, ಮೇಲೆ ಒಂದು ತಂಬಿಗೆ ಮಳೆನೀರೋ ಆರ್‌ಒ ನೀರೋ ಹಾಕಿಕೊಳ್ಳಿ. ಲಿಂಬೆರಸ ಅಳತೆ ಮೀರಬಾರದು. ಹಾಗೆಯೇ, ಇದೆಲ್ಲ ಮುಗಿದ ಮೇಲೆ ಬಚ್ಚಲ ನೆಲ ತಿಕ್ಕಿ ತೊಳೆಯಿರಿ. ಎಣ್ಣೆ, ಮೆಂತೆಯ ಲೋಳೆ ಸೇರಿದ ಟೈಲ್ಸ್ ಮೇಲೆ ಮುಂದಿನವರು ಜಾರಿ ಬೀಳುತ್ತಾರೆ. ಮೋರಿಗೆ ಒಂದು ಸಣ್ಣ ಜಾಳಿಗೆ ಹಾಕಿಸಿ. ಹಿಟ್ಟು, ಪುಡಿ ಪೈಪಿನಲ್ಲಿ ಗಟ್ಟಿಯಾಗಿ ಆರು ತಿಂಗಳಲ್ಲಿ ನೀರು ನಿಲ್ಲುವುದು ಹೊಸದೇನಲ್ಲ.

ಮೊದಲ ತಿಂಗಳು ಏನಾಗುತ್ತದೆ

ಕಂಡಿಶನರಿನ ಸಿಲಿಕೋನ್ ಕೂದಲಿನ ಮೇಲೆ ಪದರವಾಗಿ ಕೂತಿರುತ್ತದೆ, ಸೀಗೆ ಅದನ್ನು ತೆಗೆಯಲಾರದು. ಹಾಗಾಗಿ ಬದಲಾಗುವ ಹಿಂದಿನ ವಾರ ಶಾಂಪೂವಿನಿಂದಲೇ ಎರಡು ಸಲ ತೊಳೆದು, ಕಂಡಿಶನರ್ ಹಚ್ಚದೆ ಬಿಡಿ. ಆ ಪದರ ಹೋದ ಕೂದಲು ಮುಟ್ಟಿದರೆ ಬಿರುಸು ಅನ್ನಿಸುತ್ತದೆ. ಕೂದಲು ಕೆಟ್ಟಿತು ಎಂದು ಗಾಬರಿಯಾಗಬೇಡಿ, ಅದು ನಿಮ್ಮ ಕೂದಲಿನ ನಿಜವಾದ ಸ್ಪರ್ಶ.

ಜಿಗುಟಿನ ದೂರು ಇನ್ನೂ ಹೆಚ್ಚು. ನಮ್ಮಲ್ಲಿ ಎಣ್ಣೆ ಹಚ್ಚುವುದೆಂದರೆ ಕಿವಿಯ ಹಿಂದೆ ಇಳಿಯುವಷ್ಟು ಹಚ್ಚುವುದು. ಅಷ್ಟು ಎಣ್ಣೆಯನ್ನು ಸೀಗೆ ಒಂದೇ ಸಲಕ್ಕೆ ತೆಗೆಯುವುದಿಲ್ಲ. ಎರಡು ಸಣ್ಣ ಚಮಚ ಎಣ್ಣೆ, ಎರೆದುಕೊಳ್ಳುವ ಒಂದೆರಡು ಗಂಟೆ ಮೊದಲು, ಸಾಕು. ಜಿಗುಟು ಉಳಿದರೆ ಎರಡನೇ ಸಲ ತೆಳುವಾಗಿ ಸೀಗೆ ಹಚ್ಚಿ, ಇಲ್ಲವೇ ಕಲಸುವಾಗ ಒಂದು ಚಮಚ ಕಡ್ಲಿಹಿಟ್ಟು ಸೇರಿಸಿ. ನಾಲ್ಕೈದು ಸಲ ಎರೆದುಕೊಂಡ ಮೇಲೂ ಹೊಂದದಿದ್ದರೆ ಕಷಾಯಕ್ಕೆ ಬದಲಾಗಿ. ಅದೂ ಹೊಂದದಿದ್ದರೆ ಸೌಮ್ಯವಾದ ಶಾಂಪೂ ಬಳಸುವುದರಲ್ಲಿ ಸೋಲೇನೂ ಇಲ್ಲ.

ತಲೆಎಣ್ಣೆ

ಹಸಿ ಎಲೆಯನ್ನು ಎಣ್ಣೆಗೆ ಹಾಕಿ ಬಿಸಿಲಲ್ಲಿಡುವ ವಿಧಾನ ನೋಡಲು ಚೆಂದ, ಆದರೆ ಎಲೆಯ ನೀರು ತಳದಲ್ಲಿ ಉಳಿದು ಬೂಷ್ಟು ಬರುತ್ತದೆ. ಆಯುರ್ವೇದದ ತೈಲಪಾಕದ ಲೆಕ್ಕ ಒಂದು ಪಾಲು ಕಲ್ಕ (ನುಣ್ಣಗೆ ಅರೆದ ಮುದ್ದೆ), ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ನೀರು ಅಥವಾ ರಸ. ಎಲ್ಲವನ್ನೂ ಕೂಡಿಸಿ ನೀರೆಲ್ಲ ಆರುವವರೆಗೆ ಕಾಯಿಸುವುದು. ಮನೆಗೆ ಇದನ್ನು ಸಣ್ಣದು ಮಾಡಿಕೊಳ್ಳಬಹುದು: ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಗೆ ಗರಗ, ಕರಿಬೇವು, ದಾಸವಾಳದ ಎಲೆ ಸೇರಿ 125 ಗ್ರಾಂ ನುಣ್ಣಗೆ ರುಬ್ಬಿದ್ದು, ಅರ್ಧ ಲೀಟರ್ ನೀರು. ದಪ್ಪ ತಳದ ಪಾತ್ರೆ, ಸಣ್ಣ ಉರಿ, ಕೈ ಬಿಡದೆ ತಳ ಕೆದಕುವುದು. ಒಂದೂವರೆ-ಎರಡು ಗಂಟೆ ಬೇಕಾಗುತ್ತದೆ. ಚಟಪಟ ಸದ್ದು ನಿಂತಿತೇ ಎಂದು ಕೇಳಿ. ಆಮೇಲೆ ಚೂರು ಕಲ್ಕ ತೆಗೆದು ಬೆರಳಲ್ಲಿ ಹೊಸೆಯಿರಿ: ಬತ್ತಿಯ ಹಾಗೆ ಉರುಳಿದರೆ, ಆ ಬತ್ತಿಗೆ ಬೆಂಕಿ ತಗುಲಿಸಿದಾಗ ಚಿಟಿಚಿಟಿ ಅನ್ನದೆ ಉರಿದರೆ ನೀರು ಹೋಗಿದೆ. ಚಿಟಿಗುಟ್ಟಿದರೆ ಇನ್ನೂ ಕಾಯಿಸಿ. ಕಲ್ಕ ಕರಿಕಾಗಿ ಸೀದ ವಾಸನೆ ಬಂದರೆ ಹದ ಮೀರಿದೆ. ಬಿಸಿ ಇರುವಾಗಲೇ ಸೋಸಿ, ಒಣಗಿದ ಗಾಜಿನ ಬಾಟಲಿಗೆ ಹಾಕಿ.

ಧಾರವಾಡದ ಡಿಸೆಂಬರ್ ಬೆಳಗಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ. ಚಳಿಗಾಲಕ್ಕೆ ಅರ್ಧದಷ್ಟು ಕುಸುಬಿ ಎಣ್ಣೆ ಬೆರೆಸಿಟ್ಟರೆ ದಿನವೂ ಕಾಯಿಸುವ ಕೆಲಸ ತಪ್ಪುತ್ತದೆ. ಔಡಲ ಎಣ್ಣೆಯನ್ನು ಹಾಗೇ ಹಚ್ಚಬೇಡಿ. ಅದರ ಅಂಟಿಗೆ ಉದ್ದ ಕೂದಲು ಬಿಡಿಸಲಾಗದಂತೆ ಮುದ್ದೆಗಟ್ಟುವುದುಂಟು. ಬೇರೆ ಎಣ್ಣೆಯ ಐದನೇ ಒಂದು ಪಾಲು ಸಾಕು.

ಎಣ್ಣೆಯಿಂದ ಏನು ಸಾಧ್ಯ ಎಂಬುದನ್ನು ನೇರವಾಗಿ ಹೇಳಬೇಕು. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೊಟೀನು ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ, ಕೂದಲು ತುಂಡಾಗುವುದು ತಗ್ಗುತ್ತದೆ. ಹೊಸ ಕೂದಲು ಹುಟ್ಟಿಸುವುದಿಲ್ಲ. ಟೈಫಾಯ್ಡ್, ಡೆಂಗಿ, ಹೆರಿಗೆ ಆಗಿ ಎರಡು-ಮೂರು ತಿಂಗಳಿಗೆ ಕೂದಲು ಮುಷ್ಟಿಗಟ್ಟಲೆ ಉದುರುತ್ತದೆ, ಬಹಳ ಸಲ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ತಪಾಸಣೆ ಮಾಡಿಸಿ. ತಲೆಹೊಟ್ಟಿಗೆ ಎಣ್ಣೆ ಹಚ್ಚುವುದು ತಿರುಗುಮುರುಗು ಕೆಲಸ: ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ನೆತ್ತಿಯ ಜಿಡ್ಡೇ ಆಹಾರ. ಹೊಟ್ಟಿದ್ದಾಗ ಎಣ್ಣೆ ನಿಲ್ಲಿಸಿ, ಕಡಿಮೆಯಾಗದಿದ್ದರೆ ಔಷಧದ ಅಂಗಡಿಯ ಕೀಟೋಕೊನಜೋಲ್ ಶಾಂಪೂ ಬಳಸಿ. ಉಳ್ಳಾಗಡ್ಡಿ ರಸ, ಬೆಳ್ಳುಳ್ಳಿ ರಸ ನೆತ್ತಿಗೆ ಬೇಡವೇ ಬೇಡ.

ಬಿಳಿಕೂದಲಿಗೆ ಮೆಹಂದಿ

100 ಗ್ರಾಂ ಶುದ್ಧ ಮೆಹಂದಿ ಪುಡಿಗೆ ಉಗುರುಬೆಚ್ಚಗಿನ ಚಹಾ ಕಷಾಯ, ಒಂದು ದೊಡ್ಡ ಚಮಚ ಲಿಂಬೆರಸ. ಬೇಸಿಗೆಯಲ್ಲಿ ಮೂರು ಗಂಟೆ, ಚಳಿಗಾಲದಲ್ಲಿ ಆರೇಳು ಗಂಟೆ ನೆನೆಯಬೇಕು. ಎಣ್ಣೆಯಿಲ್ಲದ, ತೊಳೆದ ಕೂದಲಿಗೆ ಹಚ್ಚಿ ಎರಡು-ಮೂರು ಗಂಟೆ ಬಿಟ್ಟು ಬರೀ ನೀರಿನಿಂದ ತೊಳೆಯಿರಿ. ಬಿಳಿಕೂದಲು ಕಿತ್ತಳೆ ಬಣ್ಣ ತಳೆದು ಎರಡು ದಿನದಲ್ಲಿ ಗಾಢವಾಗುತ್ತದೆ. ಕಪ್ಪು ಬೇಕಿದ್ದರೆ ಅದರ ಮೇಲೆ ನೀಲಿಗಿಡದ, ಅಂದರೆ ಇಂಡಿಗೋ ಪುಡಿ: 100 ಗ್ರಾಂ ಪುಡಿ, ಚಿಟಿಕೆ ಉಪ್ಪು, ಬೆಚ್ಚಗಿನ ನೀರು, ಹದಿನೈದು ನಿಮಿಷ ಮಾತ್ರ ನೆನೆಸಿ ತಕ್ಷಣ ಹಚ್ಚಿ, ಒಂದೂವರೆ ಗಂಟೆ ಬಿಡಿ. ಮೆಹಂದಿಯ ರೂಢಿಯಲ್ಲಿ ಇದಕ್ಕೂ ಲಿಂಬೆರಸ ಹಾಕಿದರೆ, ಅಥವಾ ರಾತ್ರಿಯೇ ನೆನೆಸಿಟ್ಟರೆ, ಬಣ್ಣ ಹಿಡಿಯುವುದಿಲ್ಲ. ತೊಳೆದಾಗ ಹಸಿರುಛಾಯೆ ಕಂಡರೆ ಹೆದರಬೇಡಿ, ಗಾಳಿಗೆ ಒಂದು ದಿನದಲ್ಲಿ ಕಪ್ಪಾಗುತ್ತದೆ.

ಅರ್ಧ ಗಂಟೆಯಲ್ಲಿ ಕಪ್ಪು ಮಾಡುವ ‘ಕಪ್ಪು ಮೆಹಂದಿ’ ಪೊಟ್ಟಣಗಳನ್ನು ಇದರ ಜೊತೆ ಸೇರಿಸಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅದಕ್ಕೆ ಅಲರ್ಜಿ ಆದವರ ಮುಖ, ಕಣ್ಣು ಊದಿಕೊಳ್ಳುತ್ತವೆ. ಒಮ್ಮೆ ಆದರೆ ಜೀವನಪೂರ್ತಿ ಅದನ್ನು ದೂರವಿಡಬೇಕಾಗುತ್ತದೆ.

ಮೈಗೆ, ಮುಖಕ್ಕೆ

ಸ್ನಾನದ ಪುಡಿಗೆ ಹೆಸರುಕಾಳು 300 ಗ್ರಾಂ, ಕಡ್ಲಿಬೇಳೆ 100 ಗ್ರಾಂ, ಒಣ ಗುಲಾಬಿ ಎಸಳು 50 ಗ್ರಾಂ, ಲಾವಂಚದ ಬೇರು 25 ಗ್ರಾಂ, ಅರಿಶಿನ 5 ಗ್ರಾಂ. ಕಡ್ಲಿಗೆ ನಾವು ದೂರ ಹೋಗಬೇಕಿಲ್ಲ, ಅಣ್ಣಿಗೇರಿಯ ಹೆಸರಿನ ತಳಿಯೇ ಇದೆ. ಲಾವಂಚವನ್ನು ಕತ್ತರಿಯಿಂದ ಅರ್ಧ ಇಂಚಿಗೆ ತುಂಡು ಮಾಡದಿದ್ದರೆ ಮಿಕ್ಸರಿಗೆ ಸುತ್ತಿಕೊಳ್ಳುತ್ತದೆ. ಮೈಗಾದರೆ ಸಾಣಿಗೆ ಸಾಕು, ಮುಖಕ್ಕೆ ಬಳಸುವುದನ್ನು ತೆಳು ಅರಿವೆಯಲ್ಲಿ ಸಾಣಿಸಿ ತೆಗೆದಿಡಿ. ಬೆರಳ ನಡುವೆ ಹಿಡಿದಾಗ ರವೆಯಂತೆ ತಗುಲಿದರೆ ಅದು ಮುಖಕ್ಕಲ್ಲ. ಅರಿಶಿನವನ್ನು ಕೊಂಬಾಗಿ ತಂದು ಬೀಸಿಕೊಳ್ಳಿ. ಹೊಳಪಿನ ಹಳದಿಗೆ ಸೀಸದ ಬಣ್ಣ ಬೆರೆಸುವ ಕಲಬೆರಕೆ ಇದೆ. ಕಸ್ತೂರಿ ಅರಿಶಿನವೆಂದು ಮಾರುವುದರಲ್ಲಿ ಬಹಳಷ್ಟು ಅರಿಶಿನದ ಜಾತಿಯ ಇನ್ನೊಂದು ಗಡ್ಡೆಯಾದ ಕಚೋರವೇ. ನಿಜವಾದ ಕಸ್ತೂರಿ ಅರಿಶಿನ ಕಡು ಹಳದಿಯಲ್ಲ, ಕೆನೆಬಣ್ಣಕ್ಕೆ ಹತ್ತಿರ, ಕರ್ಪೂರದಂಥ ಪರಿಮಳ.

ಮುಖಕ್ಕೆ ಒಂದು ಸಣ್ಣ ಚಮಚ ಹೆಸರುಹಿಟ್ಟನ್ನು ನೀರಲ್ಲೋ ಮಜ್ಜಿಗೆಯಲ್ಲೋ ತೆಳ್ಳಗೆ ಕಲಸಿ, ಅರ್ಧ ನಿಮಿಷ ಸವರಿ, ತೊಳೆದುಬಿಡಿ. ತಿಕ್ಕಬಾರದು. ಒಣಗಿ ಬಿರಿಯುವವರೆಗೆ ಬಿಟ್ಟರೆ ಹಿಟ್ಟು ಚರ್ಮದ ತೇವವನ್ನೇ ಎಳೆಯುತ್ತದೆ. ಎಣ್ಣೆಚರ್ಮದವರು ವಾರಕ್ಕೊಮ್ಮೆ ಮುಲ್ತಾನಿ ಮಣ್ಣು ಹಚ್ಚಬಹುದು, ಹತ್ತು ನಿಮಿಷ, ಅಂಚು ಒಣಗತೊಡಗಿದ ಕೂಡಲೇ ತೊಳೆಯಬೇಕು. ಗದಗದ ಚಳಿಗಾಲದ ಒಣಗಾಳಿಯಲ್ಲಿ ಇದು ಬೇಡ. ಲಿಂಬೆರಸವನ್ನು ಮುಖಕ್ಕೆ ಹಚ್ಚುವುದು ಇನ್ನೂ ಕೆಟ್ಟದ್ದು: ಚರ್ಮದ ಮೇಲೆ ಲಿಂಬೆರಸ ಇದ್ದು ಬಿಸಿಲು ಬಿದ್ದರೆ ಸುಟ್ಟ ಗಾಯದಂಥ ಬೊಬ್ಬೆ ಎದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಲೋಳೆಸರ ಬಳಸುವಾಗ ಎಲೆ ಕತ್ತರಿಸಿ ಇಪ್ಪತ್ತು ನಿಮಿಷ ನಿಲ್ಲಿಸಿಡಿ, ಇಳಿಯುವ ಹಳದಿ ಸೊನೆ ತುರಿಕೆ ತರುವಂಥದು. ಅದನ್ನು ತೊಳೆದು ಒಳಗಿನ ತಿರುಳು ಮಾತ್ರ ತೆಗೆಯಿರಿ.

ಕ್ರೀಮು ಮಾಡುವ ಗೋಜಿಗೆ ಹೋಗಬೇಡಿ. ನೀರು, ಎಣ್ಣೆ ಎರಡೂ ಕೂಡಿದ ಯಾವುದೇ ಕ್ರೀಮಿಗೆ ಸಂರಕ್ಷಕ ಬೇಕು. ಇಲ್ಲದಿದ್ದರೆ ಒಂದು ವಾರದಲ್ಲಿ, ಕಣ್ಣಿಗೆ ಕಾಣುವ ಮೊದಲೇ, ಸೂಕ್ಷ್ಮಾಣುಗಳು ಬೆಳೆದಿರುತ್ತವೆ. ಬದಲಿಗೆ ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿ ಇರುವಾಗ, ಎಣ್ಣೆ ಸವರಿ. ಮುಖಕ್ಕೆ ನಾಲ್ಕೈದು ಹನಿ ಸಾಕು. ಮೊಡವೆ ಬರುವವರಿಗೆ ಕೊಬ್ಬರಿ ಎಣ್ಣೆ ರಂಧ್ರ ಕಟ್ಟಬಹುದು, ಕುಸುಬಿ ಎಣ್ಣೆ ಹಗುರ. ಆದರೆ ಗಾಣದ ಕುಸುಬಿ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, 100 ಮಿಲಿಗಿಂತ ಹೆಚ್ಚು ತೆಗೆದಿಡಬೇಡಿ, ಕತ್ತಲಲ್ಲಿಡಿ.

ಒಡೆದ ಹಿಮ್ಮಡಿಗೆ, ತುಟಿಗೆ ಮುಲಾಮು: ಮುರುಗಲ (ಕೋಕಂ) ತುಪ್ಪ 30 ಗ್ರಾಂ, ಜೇನುಮೇಣ 15 ಗ್ರಾಂ, ಎಳ್ಳೆಣ್ಣೆ 60 ಮಿಲಿ. ಕುದಿಯುವ ನೀರಿನ ಮೇಲೆ ಇನ್ನೊಂದು ಪಾತ್ರೆ ಇಟ್ಟು ಮೊದಲು ಮೇಣ ಕರಗಿಸಿ, ಆಮೇಲೆ ಉಳಿದವು. ಏಪ್ರಿಲ್-ಮೇ ಶೆಕೆಗೆ ಮೇಣ 20 ಗ್ರಾಂ ಮಾಡಿ, ಇಲ್ಲದಿದ್ದರೆ ಡಬ್ಬಿಯಲ್ಲೇ ಎಣ್ಣೆಯಾಗುತ್ತದೆ. ರವೆರವೆಯಾದರೆ ನಿಧಾನ ಆರಿದ್ದು ಕಾರಣ. ಮತ್ತೆ ಕರಗಿಸಿ ಫ್ರಿಜ್ಜಿನಲ್ಲಿ ಬೇಗ ಆರಿಸಿ. ತುಟಿಗೆ ಬಣ್ಣ ಬೇಕಿದ್ದರೆ ಎಳ್ಳೆಣ್ಣೆಯಲ್ಲಿ ಒಂದು ಚಮಚ ರತನ್‌ಜೋತ್ ಬೇರು ಹಾಕಿ ಇಪ್ಪತ್ತು ನಿಮಿಷ ಬೆಚ್ಚಗಿಟ್ಟು ಸೋಸಿ, ಕೆಂಪು ಎಣ್ಣೆಗೆ ಇಳಿಯುತ್ತದೆ. ಬೀಟ್‌ರೂಟ್ ಬಣ್ಣ ಎಣ್ಣೆಯಲ್ಲಿ ಕರಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಸೌಂದರ್ಯವರ್ಧಕಗಳಿಗೆ ಹೋಗುತ್ತದೆ ಎಂದು ಕೇಳಿ ಮನೆಯಲ್ಲಿ ಯತ್ನಿಸಬೇಡಿ, ಖಾರ ಬಿಟ್ಟು ಬಣ್ಣ ಮಾತ್ರ ತೆಗೆಯುವುದು ಕಾರ್ಖಾನೆಯ ಕೆಲಸ.

ಬೆವರುನಾತಕ್ಕೆ ಒದ್ದೆ ಕಂಕುಳಿಗೆ ಪಟಿಕದ ತುಂಡು ಸವರಿದರೆ ಸಾಕು, ಕ್ಷೌರ ಮಾಡಿದ ದಿನ ಬೇಡ.

ಕೊಳ್ಳಲೇಬೇಕಾದದ್ದು ಒಂದಿದೆ: ಸನ್‌ಸ್ಕ್ರೀನ್. ಕೊಬ್ಬರಿ ಎಣ್ಣೆಯಾಗಲಿ, ಗಜ್ಜರಿ ಬೀಜದ ಎಣ್ಣೆಯಾಗಲಿ ನಮ್ಮ ಬಿಸಿಲನ್ನು ತಡೆಯುವುದಿಲ್ಲ. ಜಿಂಕ್ ಆಕ್ಸೈಡ್ ಪುಡಿ ತಂದು ಮನೆಯಲ್ಲಿ ಬೆರೆಸಿದರೆ ಅದು ಸಮವಾಗಿ ಹರಡುವುದಿಲ್ಲ, ಹಚ್ಚಿಕೊಂಡಿದ್ದೇವೆ ಎಂಬ ಧೈರ್ಯದಲ್ಲಿ ಚರ್ಮ ಸುಡುತ್ತದೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನದು ಕೊಳ್ಳಿ, ಹೊಲಕ್ಕೆ ಹೋಗುವಾಗ ತಲೆಗೆ ಅರಿವೆ ಇರಲಿ.

ಕೂಸುಗಳಿಗೆ ಬೇರೆ ನಿಯಮ. ಕಡ್ಲಿಹಿಟ್ಟು, ಅರಿಶಿನ ಹಚ್ಚಿ ತಿಕ್ಕುವುದರಿಂದ ಹಸುಗೂಸಿನ ಚರ್ಮ ತರಚುತ್ತದೆ. ಸೀಗೆ ಕಣ್ಣಿಗೆ ಅಪಾಯ. ಮೂಗು, ಕಿವಿಗೆ ಎಣ್ಣೆ ಬಿಡಬಾರದು, ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಸಾಸಿವೆ ಎಣ್ಣೆ ಎಳೆಯ ಚರ್ಮಕ್ಕೆ ಉರಿ. ಕೊಬ್ಬರಿ ಎಣ್ಣೆ ಹಗುರವಾಗಿ ಸವರಿ, ಬೆಚ್ಚಗಿನ ನೀರು ಎರೆದರೆ ಸಾಕು. ಎಳೆಗೂಸಿನ ಕೈಕಾಲಿಗೆ ಮೆಹಂದಿಯನ್ನೂ ಹಚ್ಚಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ರಕ್ತಕಣಗಳನ್ನು ಒಡೆಯುತ್ತದೆ, ಕೊರತೆ ಇದೆಯೋ ಇಲ್ಲವೋ ಹೊರಗೆ ಕಾಣುವುದಿಲ್ಲ.

ಡಬ್ಬಿ ಮತ್ತು ದಿನಾಂಕ

ಗಾಜಿನ ಬಾಟಲಿಯನ್ನು ಹತ್ತು ನಿಮಿಷ ಕುದಿಸಿ ಬಿಸಿಲಿಗೆ ಒಣಗಿಸಿ. ಮೇಲೆ ತಾರೀಖು ಬರೆದು ಅಂಟಿಸಿ. ಹಸಿ ಕೈ, ಹಸಿ ಚಮಚ ಒಳಗೆ ಹೋಗಬಾರದು. ಬಚ್ಚಲಲ್ಲಿ ಒಂದು ವಾರಕ್ಕಾಗುವಷ್ಟು ಮಾತ್ರ ಇಟ್ಟು, ಉಳಿದದ್ದು ಅಡುಗೆಮನೆಯ ಕಪಾಟಿನಲ್ಲಿರಲಿ. ಧಾರವಾಡದ ಜಿಟಿಜಿಟಿ ಮಳೆಗೆ ಪುಡಿ ಬೇಗ ಥಂಡಿ ಹಿಡಿಯುತ್ತದೆ, ಗದಗದಲ್ಲಿ ಅಷ್ಟಿಲ್ಲ. ಮೇ ತಿಂಗಳಲ್ಲಿ ಮಾಡಿದ ಸೀಗೆಪುಡಿಯನ್ನು ಧಾರವಾಡದವರು ಕಾಲು ಕಿಲೋದಂತೆ ಸಣ್ಣ ಡಬ್ಬಿಗಳಲ್ಲಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯಲಿ. ಪುಡಿ ಗಂಟುಗಟ್ಟಿದ್ದರೂ ವಾಸನೆ ಸರಿಯಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಬೆಚ್ಚಗೆ ಮಾಡಿ, ಆರಿಸಿ, ಸಾಣಿಸಿ ಬಳಸಬಹುದು. ಮುಗ್ಗುವಾಸನೆ ಬಂದಿದ್ದರೆ, ಹುಳ ಕಂಡರೆ ಗಿಡದ ಬುಡಕ್ಕೆ ಸುರಿಯಿರಿ.